ಎಣಿಸುವುದಕ್ಕೆ ಕೊಟ್ಟ 7,020 ರೂಪಾಯಿ: ತುಮಕೂರಿನ ಜಿಮ್ ಒಂದರಲ್ಲಿ ಪರ್ಸನಲ್ ಟ್ರೈನರ್ ಸೇವೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಬಡಾವಣೆಯ ಜಿಮ್‌ಗೆ ಸೇರಿದಾಗ ನನ್ನ ವಯಸ್ಸು 47, ತೂಕ 72 ಕಿಲೋ. ಅಮಾನಿಕೆರೆಯ ಸುತ್ತ ಬೆಳಗಿನ ನಡಿಗೆಯ ಅಭ್ಯಾಸವನ್ನು ಬಿಟ್ಟರೆ ವ್ಯಾಯಾಮವೆಂಬುದು ನನಗೆ ಅಪರಿಚಿತವಾಗಿತ್ತು. ಪಿ.ಯು. ಕಾಲೇಜಿನ ಉಪನ್ಯಾಸಕನಾಗಿ ನಿಂತು ನಿಂತು ಸೊಂಟ ಹಿಡಿದುಕೊಂಡಿದ್ದರಿಂದ, ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಿದರೆ ಮಾತ್ರ ಭಾರ ಎತ್ತುವುದೆಂದು ನಿರ್ಧರಿಸಿದ್ದೆ. ಜಿಮ್‌ನ ಸದಸ್ಯತ್ವ ಮೂರು ತಿಂಗಳಿಗೆ 3,600 ರೂಪಾಯಿ. ಟ್ರೈನರ್ ಬೇಕೆಂದರೆ ತಿಂಗಳ 12 ಸೆಷನ್‌ಗಳಿಗೆ 6,000, ಒಟ್ಟಿಗೆ 24 ತೆಗೆದುಕೊಂಡರೆ 10,800. ಒಂದು ಸೆಷನ್‌ಗೆ 50 ರೂಪಾಯಿ ಉಳಿಯುತ್ತದೆಂಬ ಲೆಕ್ಕದಲ್ಲಿ ನಾನು 24ಕ್ಕೇ ಒಪ್ಪಿಕೊಂಡೆ. ಮೊದಲ ತಪ್ಪು ನಡೆದದ್ದು ಅಲ್ಲಿಯೇ.

ಹಣ ಕಟ್ಟುವಾಗಲೇ ಒಂದು ಸಣ್ಣ ಗೆಲುವೂ ದೊರೆಯಿತು. ಅವರ ದರಪಟ್ಟಿಯಲ್ಲಿ ಇನ್ನೂ ಶೇ. 18ರ ಜಿ.ಎಸ್.ಟಿ. ಮುದ್ರಿತವಾಗಿತ್ತು, ಆದರೆ 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಗಳ ಮೇಲಿನ ತೆರಿಗೆ ಶೇ. 5ಕ್ಕೆ ಇಳಿದಿದೆ. ಅದನ್ನು ತೋರಿಸಿಕೊಟ್ಟ ಮೇಲೆ 12,744 ಆಗಬೇಕಿದ್ದ ಮೊತ್ತ 11,340ಕ್ಕೆ ಇಳಿದು, ಎರಡೇ ನಿಮಿಷದ ಮಾತಿನಲ್ಲಿ 1,404 ರೂಪಾಯಿ ಉಳಿಯಿತು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಜಿಮ್‌ಗಳು ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ, ನೋಂದಣಿಯಿಲ್ಲದವರು ಈ ತೆರಿಗೆಯನ್ನು ಗ್ರಾಹಕರಿಂದ ವಸೂಲಿ ಮಾಡುವಂತೆಯೂ ಇಲ್ಲ. ಆದ್ದರಿಂದ ತೆರಿಗೆ ಕೇಳಿದವರ ಬಿಲ್ಲಿನಲ್ಲಿ ಜಿ.ಎಸ್.ಟಿ. ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈಗ ತರಬೇತಿಯ ವಿಷಯ. ನನಗೆ ಸಿಕ್ಕ ಟ್ರೈನರ್ ಇಪ್ಪತ್ತೇಳು ಇಪ್ಪತ್ತೆಂಟರ ಯುವಕ, ಮಿತಭಾಷಿ. ಕೌಂಟರಿನಲ್ಲಿ ನನ್ನ ಮೊಬೈಲ್ ಸಂಖ್ಯೆಯನ್ನು ಮಾತ್ರ ಕೇಳಿದ್ದರು. ರಕ್ತದೊತ್ತಡ, ಸಕ್ಕರೆ, ಹಳೆಯ ಪೆಟ್ಟು, ಎದೆನೋವು ಇವುಗಳನ್ನೆಲ್ಲ ವಿಚಾರಿಸಿ ಬರೆದುಕೊಂಡದ್ದು ಈ ಹುಡುಗ. ಮೊದಲ ವಾರ ಅವರು ನನ್ನ ಕೈಗೆ ಕಬ್ಬಿಣವನ್ನೇ ಕೊಡಲಿಲ್ಲ. ಒಂದು ಕೋಲನ್ನು ಬೆನ್ನಿಗೆ ಒರಗಿಸಿ, ಅದು ತಲೆಯ ಹಿಂಭಾಗ, ಭುಜಗಳ ನಡುವಿನ ಬೆನ್ನು, ಬೆನ್ನುಮೂಳೆಯ ತುದಿ ಈ ಮೂರೂ ಕಡೆ ತಾಗಿರುವಂತೆಯೇ ಬಾಗಬೇಕು ಎಂದರು. ನಾನು ಬಾಗಿದಾಗಲೆಲ್ಲ ಕೋಲು ಎಲ್ಲಾದರೊಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಕೊನೆಗೆ ಅವರು ಕೊಟ್ಟ ಉಪಾಯ ಹೀಗಿತ್ತು: ಎರಡೂ ಕೈಯಲ್ಲಿ ಸಂತೆಯ ಚೀಲಗಳಿರುವಾಗ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುವುದಿಲ್ಲವೇ, ಸೊಂಟವನ್ನು ಹಾಗೆ ಹಿಂದಕ್ಕೆ ಒಯ್ಯಿರಿ. ಅದುವರೆಗೆ ಬೆನ್ನನ್ನೇ ಬಿಲ್ಲಿನಂತೆ ಬಗ್ಗಿಸಿ ನೀರಿನ ಕ್ಯಾನ್ ಎತ್ತುತ್ತಿದ್ದ ನನಗೆ, ಬಾಗಬೇಕಾದದ್ದು ತೊಡೆಸಂದಿನಲ್ಲಿ ಎಂಬುದು ಆ ಕ್ಷಣದಲ್ಲಿ ಮೈಗೆ ಅರ್ಥವಾಯಿತು. ಮೂರನೆಯ ವಾರದ ಹೊತ್ತಿಗೆ 20 ಕಿಲೋ ತೂಗುವ ಬರಿಯ ಬಾರ್ಬೆಲ್ (ಭಾರದ ತಟ್ಟೆಗಳನ್ನು ಸಿಕ್ಕಿಸುವ ಉದ್ದನೆಯ ಸರಳು) ಹಿಡಿದು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು) ಎರಡನ್ನೂ ತಪ್ಪಿಲ್ಲದೆ ಮಾಡುತ್ತಿದ್ದೆ. ಎಷ್ಟು ಎತ್ತಿದೆ, ಎಷ್ಟು ಸಲ ಎತ್ತಿದೆ ಎಂಬುದನ್ನು ಪುಸ್ತಕದಲ್ಲಿ ಬರೆಯುವುದು, ನಿಗದಿಯಷ್ಟು ಸಲ ನೆಮ್ಮದಿಯಿಂದ ಮುಗಿದ ಮೇಲೆ ಮಾತ್ರ ಎರಡೂವರೆ ಕಿಲೋ ಏರಿಸುವುದು ಎಂಬ ಕ್ರಮವನ್ನೂ ಅವರೇ ಕಲಿಸಿದರು. ಈ ಕಲಿಕೆಗೆ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆದರೆ ಇದೆಲ್ಲ ಮುಗಿದದ್ದು ಮೊದಲ ಎಂಟು ಸೆಷನ್‌ಗಳಲ್ಲಿ. ಅಲ್ಲಿಂದಾಚೆಗೆ ಅವರು ಎದುರು ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು, ನಾನು ಎತ್ತಿ ಇಳಿಸುತ್ತಿದ್ದೆ. ಅರವತ್ತು ನಿಮಿಷವೆಂದು ಹೇಳಿದ್ದ ಅವಧಿಯಲ್ಲಿ ಆರಂಭದ ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ, ಕೊನೆಯ ಹತ್ತು ನಿಮಿಷ ಮೈ ಸಡಿಲಿಸುವುದರಲ್ಲಿ ಕಳೆಯುತ್ತಿತ್ತು. ಈ ಎರಡಕ್ಕೂ ಯಾರ ಉಸ್ತುವಾರಿಯೂ ಬೇಡ. ಉಳಿದ ನಲವತ್ತು ನಿಮಿಷಗಳಲ್ಲಿಯೂ, ವಿಶೇಷವಾಗಿ ಬೆಂಗಳೂರಿನಿಂದ ರೈಲಿನಲ್ಲಿ ಮರಳುವ ನೌಕರರು ತುಂಬಿಕೊಳ್ಳುವ ರಾತ್ರಿ ಎಂಟರ ಸಮಯದಲ್ಲಿ, ಅವರು ಇನ್ನಿಬ್ಬರನ್ನು ಜೊತೆಯಲ್ಲೇ ನೋಡಿಕೊಳ್ಳಬೇಕಾಗುತ್ತಿತ್ತು. ಗರಡಿಮನೆಯ ಉಸ್ತಾದರೂ ಹತ್ತು ಜನರಿಗೆ ಒಟ್ಟಿಗೇ ಸಾಮು ಕಲಿಸುತ್ತಿದ್ದರು ನಿಜ, ಆದರೆ ಅವರು ಅದಕ್ಕೆ ‘ಪರ್ಸನಲ್’ ಎಂದು ಹೆಸರಿಟ್ಟು ಹಣ ಪಡೆಯುತ್ತಿರಲಿಲ್ಲ.

ಸೆಷನ್‌ಗಳಿಗೆ 60 ದಿನಗಳ ಗಡುವಿದೆಯೆಂಬುದು ರಸೀದಿಯ ಹಿಂಬದಿಯಲ್ಲಿತ್ತು, ನಾನು ಓದಿರಲಿಲ್ಲ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಗಳ ಕೆಲಸದಿಂದ ಮೂರು ಸೆಷನ್ ತಪ್ಪಿದವು, ಟ್ರೈನರ್ ಊರಿಗೆ ಹೋದದ್ದರಿಂದ ಎರಡು ತಪ್ಪಿದವು. ಗಡುವು ಮುಗಿದಾಗ ಐದೂ ರದ್ದಾದವೆಂದು ವ್ಯವಸ್ಥಾಪಕರು ಹೇಳಿದರು. ತಾವೇ ಒದಗಿಸದ ಸೇವೆಗೆ ಹಣ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಬರೆದುಕೊಟ್ಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ಪ್ರಸ್ತಾಪ ಮಾಡಿದ ಬಳಿಕ ಎರಡನ್ನು ಹಿಂತಿರುಗಿಸಿದರು. ನನ್ನ ಮೂರು ಹೋದವು. ಹೀಗೆ ದಕ್ಕಿದ್ದು 21 ಸೆಷನ್, ತಲಾ 540 ರೂಪಾಯಿ. ದೊಡ್ಡ ಪ್ಯಾಕೇಜಿನಲ್ಲಿ ಉಳಿಯಬೇಕಿದ್ದ ಹಣ ಹೀಗೆ ಕರಗಿತು. ಇನ್ನೂ ನಿಷ್ಠುರವಾಗಿ ನೋಡಿದರೆ, ಕಲಿತ ಎಂಟಕ್ಕೆ 4,320 ರೂಪಾಯಿ, ಎಣಿಸಿಕೊಂಡ ಹದಿಮೂರಕ್ಕೆ 7,020 ರೂಪಾಯಿ.

ಪ್ರೋಟೀನ್ ಪುಡಿಯ ಡಬ್ಬದ ಬಗ್ಗೆ ಒಂದು ಮಾತು. ಎರಡನೆಯ ವಾರದಿಂದಲೇ ಅದರ ಒತ್ತಾಯ ಶುರುವಾಗಿತ್ತು, ಡಬ್ಬವೊಂದಕ್ಕೆ ಇಷ್ಟೆಂದು ಟ್ರೈನರ್‌ಗೆ ಕಮಿಷನ್ ಸಿಗುತ್ತದೆಂದು ಅವರೇ ಸಂಕೋಚದಿಂದ ಒಪ್ಪಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿರುವ ಪ್ರೋಟೀನ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ನನ್ನ ತೂಕಕ್ಕೆ ದಿನಕ್ಕೆ ಸುಮಾರು 60 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕಾಗುತ್ತದೆಂದು ಒಪ್ಪಿದರೂ, 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗೂ ಹೆಚ್ಚು, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುವಾಗ, ಮುದ್ದೆ ಹುರುಳಿಸಾರಿನ ಮನೆಯವನಾದ ನಾನು ಡಬ್ಬ ಕೊಳ್ಳಲಿಲ್ಲ.

ಈಗ ಮಾಡಿಕೊಂಡಿರುವ ಏರ್ಪಾಡು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯೂ, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕು. ಮೊದಲನೆಯದಕ್ಕೆ ಅಮಾನಿಕೆರೆಯ ದಂಡೆ ಸಾಕು, ಬಿರುಸಾಗಿ ನಡೆಯಬೇಕಷ್ಟೆ. ಎರಡನೆಯದನ್ನು ಪುಸ್ತಕ ನೋಡಿಕೊಂಡು ನಾನೇ ಮಾಡುತ್ತೇನೆ. ತಿಂಗಳಿಗೆ ಎರಡು ಸಲ ಮಾತ್ರ ಅದೇ ಟ್ರೈನರ್ ಬಳಿ ತಪ್ಪು ತಿದ್ದಿಸಿಕೊಳ್ಳುತ್ತೇನೆ. ಬಿಡಿ ಸೆಷನ್‌ಗೆ ತೆರಿಗೆ ಸೇರಿ 630 ರೂಪಾಯಿ. ಸಹೋದ್ಯೋಗಿಯೊಬ್ಬರೊಡನೆ ಹಂಚಿಕೊಂಡರೆ ಇಬ್ಬರಿಗೂ ಸೇರಿ 840, ಅಂದರೆ ತಲಾ 420. ಹೀಗಾಗಿ ಟ್ರೈನರ್ ಖರ್ಚು ತಿಂಗಳಿಗೆ 840 ರೂಪಾಯಿಯಲ್ಲಿ ನಿಂತಿದೆ. ಜೊತೆಗಾರರ ಶಕ್ತಿ ಸರಿಸುಮಾರು ನಮ್ಮಷ್ಟೇ ಇರಬೇಕು, ಇಲ್ಲದಿದ್ದರೆ ಅರ್ಧ ಸಮಯ ಬಾರ್ಬೆಲ್‌ನ ತಟ್ಟೆಗಳನ್ನು ಬದಲಿಸುವುದರಲ್ಲೇ ಕಳೆಯುತ್ತದೆ.

ನನ್ನ ಪತ್ನಿಗೆ ಇದಕ್ಕಿಂತ ಅಗ್ಗವಾಯಿತು. ಬೆಳಗಿನ ಐದೂವರೆಯಿಂದ ಒಂಬತ್ತೂವರೆ, ಸಂಜೆ ಐದರಿಂದ ಒಂಬತ್ತು ಈ ವೇಳೆಯಲ್ಲಿ ಟ್ರೈನರ್‌ಗಳಿಗೆ ಉಸಿರಾಡಲು ಪುರುಸೊತ್ತಿಲ್ಲ, ನಡುವೆ ಇಡೀ ಜಿಮ್ ಬಣಗುಟ್ಟುತ್ತದೆ. ಹನ್ನೊಂದು ಗಂಟೆಗೆ ಬರುವುದಾಗಿ ಹೇಳಿ, 24ರ ಬದಲು ಎಂಟೇ ಸೆಷನ್ ಕೇಳಿ, ಕಲಿಯಬೇಕಾದ ಐದು ವ್ಯಾಯಾಮಗಳ ಪಟ್ಟಿಯನ್ನು ಮೊದಲೇ ಬರೆಸಿಕೊಂಡಾಗ ದರ ತೆರಿಗೆ ಸೇರಿ 315 ರೂಪಾಯಿಗೆ ಇಳಿಯಿತು. ಒಟ್ಟು 2,520 ರೂಪಾಯಿಯಲ್ಲಿ ಅವರು ಕಲಿತದ್ದು ನಾನು ಕಲಿತದ್ದಕ್ಕಿಂತ ಕಡಿಮೆಯೇನಲ್ಲ. ಆ ಹೊತ್ತಿನಲ್ಲಿ ಟ್ರೈನರ್ ಕಣ್ಣು ಬೇರೆಲ್ಲೂ ಹೋಗುವುದಿಲ್ಲವಾದ್ದರಿಂದ ಬಹುಶಃ ಹೆಚ್ಚೇ.

ಮೊಬೈಲ್ ಆ್ಯಪ್‌ಗಳನ್ನೇ ನಂಬಬಹುದೇ ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಬಿಡುಗಡೆ ಮಾಡಿದ ಫಿಟ್ ಇಂಡಿಯಾ ಆ್ಯಪ್ ಉಚಿತವಾಗಿದೆ, ಹೆಜ್ಜೆ ಎಣಿಸುವುದಕ್ಕೆ ಚೆನ್ನಾಗಿದೆ. ಆದರೆ ನನ್ನ ಬೆನ್ನು ಗೂನಾಗಿದೆಯೆಂದು ಕೋಲು ಒರಗಿಸಿ ತೋರಿಸಲು ಮನುಷ್ಯನೇ ಬೇಕಾಯಿತು. ಮಂಡಿ ಶಸ್ತ್ರಚಿಕಿತ್ಸೆ ಆದವರು, ಹೃದಯದ ತೊಂದರೆ ಇರುವವರು ನನ್ನ ಈ ಮಿತವ್ಯಯವನ್ನು ಅನುಸರಿಸಬಾರದು. ಅವರು ಮೊದಲು ಕಾಣಬೇಕಾದದ್ದು ವೈದ್ಯರನ್ನು ಮತ್ತು ಫಿಸಿಯೋಥೆರಪಿಸ್ಟರನ್ನು.

ಜಿಮ್ ಸದಸ್ಯತ್ವವನ್ನು ಮಾರ್ಚ್‌ನಲ್ಲಿ ಮತ್ತೆ ಮೂರು ತಿಂಗಳಿಗೆ ನವೀಕರಿಸಿದ್ದೇನೆ. ಅಂದು ಕೌಂಟರಿನಲ್ಲಿ 36 ಸೆಷನ್‌ಗಳ ಹೊಸ ಪ್ಯಾಕೇಜ್ ತೋರಿಸಿದರು. ರಸೀದಿಯ ಹಿಂಬದಿಯನ್ನು ಓದಿ ನೋಡಿದೆ, ಗಡುವು 75 ದಿನಗಳೆಂದಿತ್ತು.