ಮರ ಆಗೋದಾದರೆ ಯಾವ ನಿಯಮದಲ್ಲಿ?

ದಾಳ ಉರುಳಿಸಿ ಕಥೆ ಕಟ್ಟೋ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಡ್ರೂಯಿಡ್ (ರೂಪ ಬದಲಿಸೋ ಕಾಡಿನ ಮಾಂತ್ರಿಕ) ಪಾತ್ರ ಆಡುವವರೆಲ್ಲ ಇವತ್ತಲ್ಲ ನಾಳೆ ಕೇಳುತ್ತಾರೆ: ತೋಳ, ಕರಡಿ ಆಗೋದು ಸರಿ, ಮರ ಆಗಬಹುದಾ? ಮೈಸೂರಿನಲ್ಲಿ ನಾವೊಂದಿಷ್ಟು ಗೆಳೆಯರು ಭಾನುವಾರ ಕುವೆಂಪುನಗರದಲ್ಲಿ ಸೇರಿ ಆಡುತ್ತೇವೆ. ಕಥೆ ನಡೆಯೋದು ಮಂಡ್ಯ ಕಡೆಯ ಹಳ್ಳಿಯಂಥ ಊರಲ್ಲಿ. ನಾಲೆ, ಕಬ್ಬಿನ ಗದ್ದೆ, ಆಲೆಮನೆ ಎಲ್ಲ ಇವೆ. ಅದೇ ಊರಲ್ಲಿ, ಅದೇ ಡ್ರೂಯಿಡ್ ಇಟ್ಟುಕೊಂಡು ಮೂರು ಆಟದ ನಿಯಮ ಹಾಕಿ ನೋಡಿದೆ.

2014ರ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿ ಇದರಲ್ಲಿ ತೀರಾ ಬಡವ. ವೈಲ್ಡ್ ಶೇಪ್, ಅಂದರೆ ಡ್ರೂಯಿಡ್ ರೂಪ ಬದಲಿಸೋ ಶಕ್ತಿ, ಪ್ರಾಣಿ ಆಗೋಕೆ ಬಿಡುತ್ತದೆ, ಮರ ಆಗೋಕೆ ಬಿಡಲ್ಲ. ರೂಪ ಬದಲಿಸೋ ಪಾಲಿಮಾರ್ಫ್ ಸ್ಪೆಲ್ಲೂ (ಮಂತ್ರ) ಅಷ್ಟೇ. ಡ್ರೂಯಿಡ್‌ಗೆ ಮರದ ರೂಪ ಸಿಗೋದು ಒಂಬತ್ತನೇ ಮಟ್ಟದ ಶೇಪ್‌ಚೇಂಜ್ ಸ್ಪೆಲ್‌ನಲ್ಲಿ, ಅಂದರೆ ಪಾತ್ರದ 17ನೇ ಲೆವೆಲ್‌ನಲ್ಲಿ. ಆಗ ಟ್ರೀಯಂಟ್ (ನಡೆದಾಡೋ ಮರ) ಆಗಬಹುದು, ಅದರ ಚಾಲೆಂಜ್ ರೇಟಿಂಗ್ (ಜೀವಿ ಎಷ್ಟು ಬಲಶಾಲಿ ಅನ್ನೋ ಅಂಕಿ) 9. ಆದರೆ ಅದೇ ಸ್ಪೆಲ್‌ನಲ್ಲಿ 17 ರೇಟಿಂಗ್‌ನ ಡ್ರ್ಯಾಗನ್ ಆಗೋಕೂ ಬರುತ್ತದೆ. ಮರ ಯಾರಿಗೆ ಬೇಕು ಹೇಳಿ?

2009ರ ಪಾತ್‌ಫೈಂಡರ್ ಅನ್ನೋ ಇದೇ ಥರದ ಇನ್ನೊಂದು ಆಟ ಕೈ ಬಿಚ್ಚಿ ಕೊಡುತ್ತದೆ. 8ನೇ ಲೆವೆಲ್‌ಗೇ ವೈಲ್ಡ್ ಶೇಪ್‌ನಲ್ಲಿ ಸಣ್ಣ, ಮಧ್ಯಮ ಗಾತ್ರದ ಸಸ್ಯಜೀವಿ ಆಗಬಹುದು. 10ಕ್ಕೆ ದೊಡ್ಡದು, 12ಕ್ಕೆ ಭಾರಿ ಗಾತ್ರ. ಒಂದು ಲೆವೆಲ್‌ಗೆ ಒಂದು ಗಂಟೆಯಂತೆ ರೂಪ ನಿಲ್ಲುತ್ತದೆ. ಟ್ರೀಯಂಟ್ ಆದಾಗ ಬಲಕ್ಕೆ 8, ಮೈಗಟ್ಟಿಗೆ 4, ತೊಗಟೆಯ ರಕ್ಷಣೆಗೆ 6 ಸೇರುತ್ತದೆ, ಚುರುಕಿನಲ್ಲಿ 2 ಹೋಗುತ್ತದೆ. ಇಲ್ಲಿ ಜಾಸ್ತಿ ಜನ ಎಡವೋ ಜಾಗವೊಂದಿದೆ. ಸಸ್ಯಜೀವಿಗಳಿಗೆ ನಿದ್ದೆ ಸ್ಪೆಲ್, ಮನಸ್ಸು ಕೆಡಿಸೋ ಸ್ಪೆಲ್ ತಟ್ಟೋದಿಲ್ಲ ಅಲ್ವಾ, ನನಗೂ ತಟ್ಟಲ್ಲ ಅಂದುಕೊಳ್ಳುತ್ತಾರೆ. ರೂಪ ಬದಲಾದರೂ ನಿಮ್ಮ ಜಾತಿ ಬದಲಾಗಲ್ಲ, ಆ ರಕ್ಷಣೆ ಬರಲ್ಲ. ಬೆಂಕಿಯ ಭಯ ಮಾತ್ರ ತಪ್ಪದೆ ಬರುತ್ತದೆ. ಆಲೆಮನೆ ಮುಂದೆ ನನ್ನ ಟ್ರೀಯಂಟ್ ನಿಂತಿದ್ದು ಒಲೆಗೆಂದು ಒಣಗಿಸಿದ ಕಬ್ಬಿನ ಸಿಪ್ಪೆ ರಾಶಿಯ ಪಕ್ಕದಲ್ಲೇ. ಯಾವನೋ ಕೊಳ್ಳಿ ಎಸೆದ, ಪೆಟ್ಟು ಒಂದೂವರೆ ಪಟ್ಟು ಬಿತ್ತು. ಹೊಡೆದಾಟಕ್ಕೆ ಇದಕ್ಕಿಂತ ರುಚಿಯಾದ ನಿಯಮ ನಾನು ಕಂಡಿಲ್ಲ. ಆದರೂ ಇದು ಕೈಕಾಲು ಬೀಸೋ ಮರ. ಕರಡಿಗೆ ತೊಗಟೆ ಹೊದಿಸಿದ ಹಾಗೆ.

2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲೂ ಹೊಡೆದಾಡೋ ರೂಪ ಇದೆ. ಪ್ಲ್ಯಾಂಟ್ ಫಾರ್ಮ್ ಅಂತ ಐದನೇ ಮಟ್ಟದ ಸ್ಪೆಲ್, ಒಂದೇ ನಿಮಿಷ. ಅಂಕಿ ಎಲ್ಲ ಮೊದಲೇ ಬರೆದಿಟ್ಟಿರೋದರಿಂದ ಲೆಕ್ಕದ ತಲೆನೋವಿಲ್ಲ. ನನ್ನ ಮನಸ್ಸು ಗೆದ್ದಿದ್ದು ಅದಲ್ಲ, ಎರಡನೇ ಮಟ್ಟದ ಟ್ರೀ ಶೇಪ್. ಎಂಟು ಗಂಟೆ ನೀವು ನಿಜವಾದ ಮರ. ಸುತ್ತ ನಡೆಯೋದೆಲ್ಲ ಗೊತ್ತಾಗುತ್ತದೆ, ಸ್ಪೆಲ್ ಮುಗಿಸೋದು ಬಿಟ್ಟು ಬೇರೇನೂ ಮಾಡೋಕಾಗಲ್ಲ. ಆರ್ಮರ್ ಕ್ಲಾಸ್ (ಪೆಟ್ಟು ತಗಲದಂತೆ ಕಾಯೋ ಅಂಕಿ) 20. ಹಳೇ ಪಾತ್‌ಫೈಂಡರ್‌ನ ಟ್ರೀ ಶೇಪ್‌ನಲ್ಲಿ ಎಷ್ಟು ಹತ್ತಿರ ಬಂದು ನೋಡಿದರೂ ಗುಟ್ಟು ಗೊತ್ತಾಗಲ್ಲ. ಹೊಸದರಲ್ಲೂ ನೀವು ಯಾರು ಅಂತ ತಿಳಿಯಲ್ಲ. ಆದರೆ ಕಾಡು, ಗಿಡಮರ ಬಲ್ಲೋನಿಗೆ ಈ ಮರ ಇಲ್ಲಿಗೆ ಹೊಸದು ಅಂತ ಗೊತ್ತಾಗುತ್ತದೆ.

ಈ ಒಂದು ಸಾಲು ನಮ್ಮ ಆಟವನ್ನೇ ಬದಲಾಯಿಸಿತು. ರಾತ್ರಿ ತೂಬು ಎತ್ತಿ ನೀರು ಕದಿಯೋರನ್ನು ಹಿಡಿಯಬೇಕಿತ್ತು. ನಾಲೆ ಏರಿ ಮೇಲೆ ನಿಂತೆ. "ಯಾವ ಮರ ಗುರು?" ಅಂತ ಜಿಎಂ (ಆಟ ನಡೆಸೋ ಗೇಮ್ ಮಾಸ್ಟರ್) ಕೇಳಿದ. ಹೊಂಗೆ ಅಂದೆ. ಬೆಳಗಿನ ಜಾವ ನೀರುಗಂಟಿ ಬಂದ. ದಾಳ ಅವನ ಕಡೆ ಬಿತ್ತು. "ನೆನ್ನೆ ಇಲ್ಲಿ ಮರ ಇರಲಿಲ್ವಲ್ಲಪ್ಪ" ಅಂತ ತೊಗಟೆ ಮುಟ್ಟಿ ನೋಡಿ, ಊರಿನವರನ್ನು ಕರೆಯೋಕೆ ಹೋದ. ದಿನಾ ಅದೇ ಏರಿ ಮೇಲೆ ಓಡಾಡೋನಿಗೆ ಗೊತ್ತಾಗದೇ ಇರುತ್ತಾ? ಅಷ್ಟರಲ್ಲಿ ಕಳ್ಳರು ಬಂದು ನನ್ನ ಬುಡದಲ್ಲೇ ಕೂತು ಪಾಲು ಹಂಚಿಕೊಂಡರು. ಹೆಸರು, ಲೆಕ್ಕ ಎಲ್ಲ ಕೇಳಿಸಿತು. ಕೈ ಎತ್ತೋ ಹಾಗಿಲ್ಲ, ಎತ್ತಿದರೆ ಮರ ಹೋಯಿತು. ಊರಿನವರು ಮೊದಲು ಬರುತ್ತಾರಾ, ಇವರು ಎದ್ದು ಹೋಗುತ್ತಾರಾ ಅಂತ ಇಡೀ ಟೇಬಲ್ ಉಸಿರು ಹಿಡಿದು ಕೂತಿತ್ತು. ಮರ ಆಗೋದು ಅಂದರೆ ನನಗೆ ಇದೇ.

ಐದನೇ ಆವೃತ್ತಿ ಬಿಡೋಕಾಗದವರಿಗೆ ಒಂದು ದಾರಿ ಇದೆ. ಆ ಆಟದ ಪುಸ್ತಕದಲ್ಲೇ ಅವೇಕನ್ಡ್ ಟ್ರೀ ಅನ್ನೋ ಜೀವಿ ಇದೆ: ರೇಟಿಂಗ್ 2, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತದೆ ಅನ್ನೋ ಲೆಕ್ಕ) 59, ಬೆಂಕಿಯ ಪೆಟ್ಟು ಜಾಸ್ತಿ ತಟ್ಟುತ್ತದೆ. 6ನೇ ಲೆವೆಲ್‌ನ ಮೂನ್ ಡ್ರೂಯಿಡ್ (ರೂಪ ಬದಲಿಸೋದರಲ್ಲೇ ಪಳಗಿದ ಪಂಗಡದವನು) ರೇಟಿಂಗ್ 2ರ ಪ್ರಾಣಿ ಆಗಬಹುದು. ಅದೇ ಲೆಕ್ಕದಲ್ಲಿ ಈ ಮರಕ್ಕೂ ಒಪ್ಪಿಗೆ ಕೊಡಿ ಅಂತ ನಿಮ್ಮ ಜಿಎಂಗೆ ಕೇಳಿ.