ಹಿತ್ತಲಿಗೆ ಜಲ್ಲಿ, ಇಂಟರ್‌ಲಾಕ್, ಚಪ್ಪಡಿ: ಮೂರನ್ನೂ ಹಾಕಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಚಿಕ್ಕಮಗಳೂರಿನ ಮಳೇಲಿ ನಮ್ಮ ಹಿತ್ತಲಲ್ಲಿ ಗಟ್ಟಿಯಾಗಿ ನಿಂತಿದ್ದು ಹಳೇ ಕಲ್ಲು ಚಪ್ಪಡಿ ಒಂದೇ. ಮೂರು ವರ್ಷ ಮೂರು ಥರ ಹಾಕಿ, ಕಿತ್ತು, ಮತ್ತೆ ಹಾಕಿ ಆದ್ಮೇಲೆ ಹೇಳ್ತಿರೋ ಮಾತಿದು.

ಹಿತ್ತಲು ಅಂದ್ರೆ 20 ಅಡಿಗೆ 15 ಅಡಿ ಜಾಗ. ಒಂದು ಹಲಸಿನ ಮರ, ಬಟ್ಟೆ ಒಗೆಯೋ ಕಲ್ಲು, ಉಳಿದಿದ್ದೆಲ್ಲ ಕಾಂಗ್ರೆಸ್ ಗಿಡ, ಕೆಸರು. ಆರಿದ್ರಾ ಮಳೆ ಹಿಡಿದಿದ್ದಾಗ ಒಂದಿನ ಅತ್ತೆ ಜಾರಿ ಬಿದ್ದು ಮಣಿಕಟ್ಟು ಊದ್ಕೊಂಡ್ತು, ಅವತ್ತೇ ಏನಾದ್ರೂ ಮಾಡ್ಲೇಬೇಕು ಅಂತ ಕೂತ್ವಿ. ಕಾಫಿ ಕೊಯ್ಲಿನ ಟೈಮಲ್ಲಿ ಕೂಲಿಗೆ ಜನ ಸಿಗೋದು ಕಷ್ಟ, ಹಾಗಾಗಿ ಭಾನುವಾರ ಭಾನುವಾರ ನಾನು, ನಮ್ಮನೆಯವ್ರು, ಮಗ, ಮೂರೇ ಜನ.

ಮೊದಲು ಒಂದು ಟ್ರ್ಯಾಕ್ಟರ್ 20 ಎಂಎಂ ಜಲ್ಲಿ ಹಾಕಿದ್ವಿ. ಅಗ್ಗ, ನೀರು ನಿಲ್ಲಲ್ಲ. ಆದ್ರೆ ಹಲಸಿನ ಎಲೆ ಬಿದ್ರೆ ಗುಡಿಸಕ್ಕಾಗಲ್ಲ, ಕಡ್ಡಿಪೊರಕೆಗೆ ಎಲೆ ಜೊತೆ ಜಲ್ಲೀನೂ ಬರುತ್ತೆ. ಬರಿಗಾಲಲ್ಲಿ ಓಡಾಡೋ ಅತ್ತೆಗಂತೂ ಆಗ್ಲೇ ಇಲ್ಲ.

ಮುಂದಿನ ಬೇಸಿಗೇಲಿ 60 ಎಂಎಂ ಇಂಟರ್‌ಲಾಕ್, ಅಂದ್ರೆ ಒಂದಕ್ಕೊಂದು ಹೊಂದಿಸಿ ಮರಳಿನ ಮೇಲೆ ಕೂರಿಸೋ ಸಿಮೆಂಟ್ ಬ್ರಿಕ್. ಓಡಾಡೋ ಜಾಗಕ್ಕೆ ಅಷ್ಟು ದಪ್ಪ ಸಾಕು, 80 ಎಂಎಂ ಬೇಕಾಗೋದು ಗಾಡಿ ಹತ್ತೋ ಕಡೆ. ನೋಡೋಕೆ ಎಷ್ಟು ಚೆಂದ ಇತ್ತು ಅಂದ್ರೆ ಅಕ್ಕಪಕ್ಕದವ್ರು ಬಂದು ಫೋಟೋ ತಗೊಂಡು ಹೋದ್ರು. ಪುನರ್ವಸು ಮಳೆ ಶುರುವಾಗಿ ಒಂದು ವಾರಕ್ಕೆ ಎಲ್ಲಾ ಗೊತ್ತಾಯ್ತು.

ನಮ್ದು ಹೆಂಚಿನ ಮನೆ, ಸೂರಿನ ನೀರು ಒಂದೇ ಗೆರೇಲಿ ಧಾರೆಯಾಗಿ ಬೀಳುತ್ತೆ. ಆ ಗೆರೆ ಕೆಳಗಿದ್ದ ಸಂದಿನ ಮರಳೆಲ್ಲ ಮೊದಲು ಎದ್ದು ಹೋಯ್ತು, ಆಮೇಲೆ ಬ್ರಿಕ್ ಅಡಿಯ ಎಂ ಸ್ಯಾಂಡೂ (ಕಲ್ಲು ಪುಡಿ ಮಾಡಿದ ಮರಳು) ಹೋಯ್ತು, ಅಂಚಿಗೆ ಕಾಂಕ್ರೀಟ್ ಕಟ್ಟೆ ಕಟ್ಟದೇ ಇದ್ದಿದ್ರಿಂದ ತಡೆಯೋದು ಏನೂ ಇರ್ಲಿಲ್ಲ, ಮರಳೆಲ್ಲ ಹೋಗಿ ಕಾಂಪೌಂಡ್ ಮೂಲೇಲಿ ಗುಡ್ಡೆ ಬಿದ್ದಿತ್ತು. ಮೇಲಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. ಕಾಲಿಟ್ರೆ ಬ್ರಿಕ್ ಒಂದು ಕಡೆ ವಾಲಿ, ಸಂದಿಯಿಂದ ಪಿಚಕ್ ಅಂತ ಕೆಸರು ನೀರು ಮೊಣಕಾಲ ತನಕ ಹಾರುತ್ತೆ. ಒಗೆದ ಬಟ್ಟೆ ಬಕೆಟ್ ಹಿಡ್ಕೊಂಡು ಬರುವಾಗ ಬಟ್ಟೆಗೂ, ಸೀರೆಗೂ. ದಿನಾ.

ಗಾರೆ ಕೆಲಸದವ್ರೊಬ್ರು ಸಂದಿಗೆ ಸಿಮೆಂಟ್ ಹಾಕಿ ಅಂದ್ರು, ಹಾಕಿದ್ವಿ, ನೀರು ಇಳಿಯೋ ದಾರಿ ಮುಚ್ಚಿ ಒಗೆಯೋ ಕಲ್ಲಿನ ಸುತ್ತ ನಿಲ್ತು, ಅಡಿ ಟೊಳ್ಳಾಗಿದ್ದ ಕಡೆ ಸಿಮೆಂಟೂ ಬಿರುಕು ಬಿಡ್ತು. ಮಳೆ ಬಿಟ್ಟ ಮೇಲೆ ಕಿತ್ತು ನೋಡಿದ್ರೆ ಕೆಲವು ಕಡೆ ಕೈ ತೂರೋವಷ್ಟು ಪೊಳ್ಳು. ತಪ್ಪು ಬ್ರಿಕ್ಕಿಂದಲ್ಲ, ದಮ್ಮಸು, ಅಂದ್ರೆ ಅಡಿಯ ನೆಲ ಬಡಿದು ಗಟ್ಟಿ ಮಾಡೋದು, ಸರಿಯಾಗಿ ಹೊಡೀಲಿಲ್ಲ, ಅಂಚು ಕಟ್ಟಲಿಲ್ಲ, ಅದು ನಮ್ದೇ. ಅದೇ ಬ್ರಿಕ್ ಈಗ ಗೇಟಿನ ಹತ್ರ ಹಾಕಿದೀವಿ, ಅಲ್ಲಿ ಸೂರಿನ ನೀರು ಬೀಳಲ್ಲ, ಒಂದೂ ಅಲುಗಾಡಿಲ್ಲ.

ಈ ವರ್ಷ ಹಳೇ ಮನೆ ಕೆಡವಿದ ಕಡೆಯಿಂದ 60 ಚಪ್ಪಡಿ ತಂದ್ವಿ, 2 ಅಡಿ ಚೌಕ, 2 ಇಂಚು ದಪ್ಪ, ಕಲ್ಲಿಗೆ 120 ರೂಪಾಯಿ. ಇಂಟರ್‌ಲಾಕ್‌ಗೆ ಕೊಟ್ಟಿದ್ರಲ್ಲಿ ಅರ್ಧವೂ ಆಗ್ಲಿಲ್ಲ. ಒಂದೊಂದು ಹತ್ತತ್ರ 50 ಕೆಜಿ, ಪೈಪ್ ತುಂಡು ಅಡಿಗಿಟ್ಟು ಉರುಳಿಸಿ ಹಾರೇಲಿ ಕೂರಿಸಿದ್ವಿ, ನಮ್ಮನೆಯವ್ರಿಗೆ ಸೊಂಟ ನಾಲ್ಕು ದಿನ ಹಿಡ್ಕೊಂಡಿತ್ತು. ಈ ಸಲ ನೀರು ತುಂಬಿದ ಟ್ಯೂಬಲ್ಲಿ ಮಟ್ಟ ಹಿಡಿದು, 10 ಅಡಿಗೆ 2 ಇಂಚು ಇಳಿಜಾರು ಕಾಂಪೌಂಡ್ ಕಡೆಗೆ ಕೊಟ್ವಿ. ಸೂರಿನ ಕೆಳಗೆ ಮಾತ್ರ ಕಲ್ಲು ಹಾಕದೆ ಒಂದಡಿ ಅಗಲಕ್ಕೆ ಹಳೇ ಜಲ್ಲಿ ತುಂಬಿದ್ವಿ, ಧಾರೆ ಬಿದ್ರೂ ಕೆಸರು ಎರಚಲ್ಲ.

ಪಾಚಿ ಕಲ್ಲಿಗೂ ಕಟ್ಟುತ್ತೆ. ಉಳಿ ಏಟಿನ ಒರಟು ಮುಖ ಮೇಲೆ ಮಾಡಿ ಹಾಕಿ, ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೇಲಿ ಉಜ್ಜಿದ್ರೆ ಜಾರಲ್ಲ.

ಲಾನ್ ಹುಲ್ಲು ಹಾಕೋಣ ಅಂತ ಮಗ ಇನ್ನೂ ಕೇಳ್ತಾನೆ, ಹಲಸಿನ ನೆರಳಲ್ಲಿ ಅದು ಬರಲ್ಲ.

ಕಾರು ನಿಲ್ಲಿಸೋ ಜಾಗ ಇದ್ದು, ಮಷೀನ್ ತಂದು ದಮ್ಮಸು ಹೊಡೆಸೋಕೆ ದುಡ್ಡಿದ್ರೆ ಇಂಟರ್‌ಲಾಕ್ ಹಾಕ್ಸಿ. ನಮ್ಮ ಥರ ಹೆಂಚಿನ ಮನೆ, ಮನೇಲಿ ವಯಸ್ಸಾದವ್ರು, ಹಿತ್ತಲಲ್ಲೇ ಮೆಣಸು ಹಪ್ಪಳ ಒಣಗ್ಸೋ ಅಭ್ಯಾಸ ಇದ್ರೆ ಚಪ್ಪಡಿನೇ. ಪುಷ್ಯ ಮಳೆ ಪೂರ್ತಿ ಅತ್ತೆ ಬರಿಗಾಲಲ್ಲೇ ಒಗೆಯೋ ಕಲ್ಲಿನ ತನಕ ಹೋಗಿ ಬಂದ್ರು.