ಕಪ್ಪು ಪ್ಲಾಸ್ಟಿಕ್‌ಗೆ ಹಚ್ಚುವ ಸಿರಾಮಿಕ್ ಕೋಟಿಂಗ್: ಉಡುಪಿಯ ಬಿಸಿಲು, ಮಳೆಯಲ್ಲಿ ಎರಡು ವರ್ಷದ ನಂತರ

ನಮ್ಮ ಮನೆ ಕಲ್ಯಾಣಪುರದಲ್ಲಿ, ಕೆಲಸ ಮಣಿಪಾಲದಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರ ತನಕ ಕಾರು ಬಯಲಲ್ಲೇ ನಿಂತಿರುತ್ತದೆ. 2017ರಲ್ಲಿ ತಗೊಂಡ ಬಿಳಿ ಗಾಡಿ. ಪೇಂಟ್ ಇವತ್ತಿಗೂ ಚೆನ್ನಾಗಿದೆ. ಆದರೆ ಬಂಪರಿನ ಕೆಳಭಾಗ, ಚಕ್ರದ ಮೇಲಿನ ಪಟ್ಟಿ, ವೈಪರ್ ಬುಡದ ಪ್ಲಾಸ್ಟಿಕ್, ಎಲ್ಲ ಐದೇ ವರ್ಷಕ್ಕೆ ಬೂದಿ ಬಣ್ಣಕ್ಕೆ ತಿರುಗಿತ್ತು. ನೀರು ಹಾಕಿದರೆ ಕಪ್ಪು, ಒಣಗಿದರೆ ಮತ್ತೆ ಬೂದಿ.

ಗ್ಯಾರೇಜಿನಲ್ಲಿ ಕೇಳಿದೆ. "ಎಂತ ಮಾಡ್ಲಿಕ್ಕೂ ಆಗುದಿಲ್ಲ ಸರ್, ಹೊಸತು ಹಾಕುದೇ" ಅಂದರು.

ಹೊಸತು ಹಾಕುವಷ್ಟು ದುಡ್ಡು ನನಗೆ ಇದಕ್ಕೆ ಇರಲಿಲ್ಲ. ಹಾಗಾಗಿ ಮೊದಲು ತೆಂಗಿನೆಣ್ಣೆ ಹಚ್ಚಿದೆ. ನಮ್ಮ ಕಡೆ ಯಾವುದು ಬಣ್ಣಗೆಟ್ಟರೂ ಕೈ ಹೋಗುವುದು ಅದೇ ಬಾಟಲಿಗೆ, ಅಲ್ವಾ? ಆ ಸಂಜೆ ತುಂಬ ಚಂದ ಕಂಡಿತು. ಎರಡೇ ದಿನಕ್ಕೆ ಸಂತೆಕಟ್ಟೆಯ ಧೂಳೆಲ್ಲ ಎಣ್ಣೆಗೆ ಅಂಟಿ ಕೆಂಪಾಯಿತು. ಆಮೇಲೆ ಹೊಳಪು ಕೊಡುವ ಒಂದು ಸಿಲಿಕೋನ್ ಸ್ಪ್ರೇ ತಂದೆ. ಜೂನ್‌ನ ಮೊದಲ ಮಳೆಗೇ ಅದು ಇಳಿದು ಬಿಳಿ ಬಾಗಿಲ ಮೇಲೆ ಗೆರೆ ಗೆರೆಯಾಯಿತು. ಹೀಟ್ ಗನ್‌ನಲ್ಲಿ ಕಾಯಿಸಿದರೆ ಕಪ್ಪು ವಾಪಸ್ ಬರುತ್ತದೆ ಎಂದು ಭಾವ ಹೇಳಿದರು. ಬರುವುದು ನಿಜ, ಕೆಲವು ತಿಂಗಳ ಮಟ್ಟಿಗೆ. ಆದರೆ ಈ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೀಟ್ ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಕೈ ಒಂದು ಕ್ಷಣ ನಿಂತರೂ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಡಿಸೆಂಬರ್ 2022ರಲ್ಲಿ 30 ಮಿಲಿಲೀಟರಿನ ಒಂದು ಸಿರಾಮಿಕ್ ಕೋಟಿಂಗ್ ಬಾಟಲಿ ತರಿಸಿದೆ. ಹಚ್ಚಿದ ಮೇಲೆ ಗಟ್ಟಿಯಾಗಿ ತೆಳು ಪದರದ ಹಾಗೆ ಕೂರುವ ದ್ರವ ಅದು. ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಇಷ್ಟು ಸಣ್ಣ ಬಾಟಲಿಗೆ ಇಷ್ಟಾ ಎಂದು ಮನೆಯಲ್ಲಿ ಕೇಳಿದರು. ನನಗೂ ಹಾಗೇ ಅನಿಸಿತ್ತು.

ಹಚ್ಚಿದ ಆ ಭಾನುವಾರ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಆರೂವರೆಗೆ ಗಾಡಿಯನ್ನು ಹಲಸಿನ ಮರದ ನೆರಳಿಗೆ ತಂದೆ. ಬಾವಿ ನೀರು, ಶಾಂಪೂ, ಹಳೇ ಹಲ್ಲುಜ್ಜುವ ಬ್ರಷ್. ಪ್ಲಾಸ್ಟಿಕ್‌ನಲ್ಲಿ ಚರ್ಮದ ಹಾಗೆ ಸಣ್ಣ ಸಣ್ಣ ಗೆರೆ ಇರುತ್ತದಲ್ಲ, ಸರ್ವಿಸಿನವರು ಹಾಕಿದ ವ್ಯಾಕ್ಸ್ ಅದರೊಳಗೆ ಬಿಳಿಯಾಗಿ ಕೂತಿತ್ತು. ಅದನ್ನು ಉಜ್ಜಿ ತೆಗೆಯಲಿಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮತ್ತೆ ತೊಳೆದು, ಬೈರಾಸಿನಲ್ಲಿ ಒರೆಸಿ, ಸಂದಿಯ ನೀರೆಲ್ಲ ಆರುವ ತನಕ ಒಂದು ಚಾ ಕುಡಿದೆ. ಆಮೇಲೆ ಉಳಿದ ಜಿಡ್ಡು ಹೋಗಲಿಕ್ಕೆ ಐಸೋಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿದೆ. ಪೇಂಟಿಗೆ ತಾಗದ ಹಾಗೆ ಅಂಚಿಗೆ ಟೇಪ್ ಹಚ್ಚಿದೆ. ಗ್ಲೌಸ್ ಹಾಕಿಕೊಂಡು, ಸ್ಪಂಜಿಗೆ ಸುತ್ತಿದ ಬಟ್ಟೆಯ ಮೇಲೆ ನಾಲ್ಕೈದು ಹನಿ ಬಿಟ್ಟು, ಅಡ್ಡಕ್ಕೂ ಉದ್ದಕ್ಕೂ ತಿಕ್ಕಿದೆ. ಎರಡು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿದೆ. ಒಂದು ಕಡೆ ಮುಗಿಸಿ ಹಿಂದೆ ಸರಿದು ನೋಡಿದೆ. ಶೋರೂಮಿನಿಂದ ಹೊರಗೆ ಬಂದ ದಿನದ ಕಪ್ಪು! ಎಣ್ಣೆ ಹಚ್ಚಿದ ಹಾಗೆ ಮಿರುಗುವುದಿಲ್ಲ, ಬರೀ ಗಟ್ಟಿ ಕಪ್ಪು. ಅಮ್ಮ ಅಂಗಳಕ್ಕೆ ಬಂದು "ಬಂಪರ್ ಹೊಸತು ಹಾಕಿಸಿದ್ದಾ ಮಗಾ?" ಎಂದು ಕೇಳಿದರು. 24 ಗಂಟೆ ನೀರು ತಾಗಬಾರದು. ರಾತ್ರಿಯ ಮಂಜು ಬೀಳದ ಹಾಗೆ ಪೋರ್ಟಿಕೊದೊಳಗೆ ನಿಲ್ಲಿಸಿ, ಸೋಮವಾರ ಬಸ್ಸಿನಲ್ಲಿ ಹೋದೆ.

ಮಳೆಗಾಲ ಬಂತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಅಷ್ಟೂ ಮಳೆಗೆ ಬದಿಯ ಪಟ್ಟಿಗಳ ಕಪ್ಪು ಹೋಗಲಿಲ್ಲ. ಬಾಗಿಲ ಮೇಲೆ ಒಂದು ಗೆರೆ ಇಳಿಯಲಿಲ್ಲ. ಕೆಸರು ಬರೀ ನೀರಿಗೆ ಜಾರಿ ಹೋಗುತ್ತಿತ್ತು. ಹಿಂದಿನ ಬಂಪರಿನ ಒಂದು ಮೂಲೆ ಮಾತ್ರ ತೇಪೆ ತೇಪೆಯಾಯಿತು. ಹಳೇ ತೆಂಗಿನೆಣ್ಣೆ ಅಲ್ಲಿ ಪೂರ್ತಿ ಹೋಗಿರಲಿಲ್ಲ. ಎಣ್ಣೆಯ ಮೇಲೆ ಕೋಟಿಂಗ್ ಹಿಡಿಯುವುದಿಲ್ಲ.

ಇನ್ನೊಂದು, ವೈಪರ್ ಬುಡದ ಭಾಗ. ಅದು ಮಲಗಿದ ಹಾಗೆ ಇರುತ್ತದೆ, ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಪ್ಲಾಸ್ಟಿಕ್ ಬೂದಿಯಾಗುವುದೇ ಬಿಸಿಲಿನ ಅತಿನೇರಳೆ ಕಿರಣ ಮೇಲ್ಪದರವನ್ನು ಒಡೆಯುವುದರಿಂದ. ಆ ಸಣ್ಣ ಬಿರುಕುಗಳಲ್ಲಿ ಬೆಳಕು ಚೆದುರಿ ಬಿಳಚಿದ ಹಾಗೆ ಕಾಣುತ್ತದೆ. ಒದ್ದೆಯಾದಾಗ ನೀರು ಬಿರುಕು ತುಂಬುತ್ತದೆ, ಅದಕ್ಕೇ ಆಗ ಕಪ್ಪು. ಬದಿಯ ಪಟ್ಟಿ ಹನ್ನೊಂದು ತಿಂಗಳು ಬಂದರೆ, ಇದು ಏಳೇ ತಿಂಗಳಿಗೆ ಮಂಕಾಯಿತು. ಸ್ಟಿಯರಿಂಗ್ ಹಿಂದೆ ಕೂತರೆ ದಿನಾ ಕಣ್ಣಿಗೆ ಬೀಳುವುದೇ ಇದು.

ಇರಲಿ, ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಹಚ್ಚಿದರಾಯಿತು ಎಂದುಕೊಂಡಿದ್ದೆ. 2023ರ ದೀಪಾವಳಿ ಕಳೆದು ಗಾಡಿ ತೊಳೆದು, ಒರೆಸಿ, ಟೇಪ್ ಎಲ್ಲ ಹಚ್ಚಿ ಬಾಟಲಿ ತಂದೆ. ಮುಚ್ಚಳ ತಿರುಗಲಿಲ್ಲ. ಇಕ್ಕಳ ಹಿಡಿದು ತಿರುಗಿಸಿದೆ. ಒಳಗೆ ಗಾಜಿನ ಹಾಗೆ ಗಟ್ಟಿ. ಒಂದು ಹನಿಯೂ ಇಲ್ಲ.

ಆ ದಿನ ನಿಜಕ್ಕೂ ತುಂಬ ಬೇಸರವಾಯಿತು. ಐನೂರು ರೂಪಾಯಿಯ ಮಾಲು ಹೋಯಿತು, ಬೆಳಗ್ಗಿನ ಕೆಲಸವೂ ಹೋಯಿತು. ಇಂಥ ಕೋಟಿಂಗ್ ಗಟ್ಟಿಯಾಗುವುದೇ ಗಾಳಿಯ ತೇವ ಹೀರಿ. ಗಾಡಿಯ ಮೇಲೆ ಅದು ಗುಣ, ಬಾಟಲಿಯೊಳಗೆ ದೋಷ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟು ಅಂತ ಹೇಳಬೇಕಾಗಿಲ್ಲ, ಉಪ್ಪಿನ ಭರಣಿಯೇ ನೀರೊಡೆಯುತ್ತದೆ. ಒಮ್ಮೆ ಮುಚ್ಚಳ ತೆಗೆದರೆ ಬೇಗ ಮುಗಿಸಿ ಎಂದು ಬಾಟಲಿಯ ಮೇಲೆ ಎಲ್ಲೂ ದೊಡ್ಡದಾಗಿ ಬರೆದಿರಲಿಲ್ಲ. ಬರೆಯಬೇಕಿತ್ತು. ಒಂದು ಗಾಡಿಗೆ ಬೇಕಾಗುವುದು 10–12 ಮಿಲಿಲೀಟರ್. 30ರ ಬದಲು 10ರ ಬಾಟಲಿ ಮಾರಿದರೆ ನನ್ನಂಥವರಿಗೆ ಎಷ್ಟೋ ಉಪಕಾರ.

ಇಷ್ಟಾದರೂ ಮತ್ತೆ ಅದನ್ನೇ ತರಿಸಿದೆ. ಇಷ್ಟು ಮಳೆಗೆ ನಿಂತದ್ದು ಬೇರೆ ಯಾವುದೂ ಇರಲಿಲ್ಲ. ಈಗ ಬಾಟಲಿ ಬಂದ ಮೇಲೆ ಮೊದಲು ಭಾವನಿಗೆ ಫೋನ್, ಆಮೇಲೆ ಪಕ್ಕದ ಮನೆ ಅಕ್ಕನಿಗೆ. ಖರ್ಚು ಮೂರು ಪಾಲು, ತಲೆಗೆ ಮುನ್ನೂರು ಚಿಲ್ಲರೆ. ಎರಡು ಕಾರು, ಒಂದು ಸ್ಕೂಟರ್ ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ. ಮೂರೂ ತೊಳೆದು ಒಣಗಿದ ಮೇಲೆಯೇ ಮುಚ್ಚಳ ತೆಗೆಯುವುದು. ವೈಪರ್ ಬುಡಕ್ಕೆ ಒಂದು ಗಂಟೆ ಬಿಟ್ಟು ಎರಡನೇ ಕೈ. ಕಳೆದ ಡಿಸೆಂಬರ್‌ನಲ್ಲಿ ಹಾಗೆ ಹಚ್ಚಿದ್ದು ಈ ಸಲ ಒಂಬತ್ತು ತಿಂಗಳು ಬಂದಿದೆ. ಉಳಿದ ಐದಾರು ಹನಿಯನ್ನು ಅಕ್ಕ ಸ್ಕೂಟರಿನ ಕಾಲಿಡುವ ಜಾಗದ ಅಂಚಿಗೆ ಹಚ್ಚಿದರು. ಬಾಟಲಿ ಖಾಲಿ ಆಗುವಾಗ ಗಂಟೆ ಹನ್ನೊಂದೂವರೆ. ಅಮ್ಮ ಒಳಗಿಂದ ನೀರುದೋಸೆಗೆ ಕರೆದರು.